ಸನ್ನದು ಮರಳಿ ಪಡೆದ ದಿನ ಎಲ್ಲಿ?

ಪ್ರಿಯ ಲೇಖಕರೇ,

ನಿಮ್ಮ ಕಥೆಯನ್ನು ಎರಡು ಸಲ ಓದಿದೆ. ಮಾಯಕೊಂಡದ ಕಡೆಯ ರೈತರೊಬ್ಬರ ಮಗ ಲಾ ಓದಿ, ದೆಹಲಿಗೆ ಹೋಗಿ, ಭಾರತೀಯ ಸ್ಪರ್ಧಾ ಆಯೋಗದ ತನಿಖಾ ವಿಭಾಗ ಸೇರುತ್ತಾನೆ. ಒಳಗೊಳಗೇ ಮಾತಾಡಿಕೊಂಡು ಬೆಲೆ ಏರಿಸುವ ಕಂಪನಿಗಳ ಬೆನ್ನು ಹತ್ತುತ್ತಾನೆ. ಹನ್ನೆರಡು ವರ್ಷದ ಮೇಲೆ ಕೆಲಸ ಬಿಟ್ಟು ಅಂಥದೇ ಕಂಪನಿಗಳ ವಕಾಲತ್ತು ಹಿಡಿಯುತ್ತಾನೆ. ನಮ್ಮಲ್ಲಿ ಯಾರೂ ಕೈಹಾಕದ ವಿಷಯ ಇದು. ಅದಕ್ಕೇ ಈ ರೂಪದಲ್ಲಿ ಅಚ್ಚಿಗೆ ಕೊಡಲು ಮನಸ್ಸು ಬರಲಿಲ್ಲ.

ಮೊದಲು ತಪ್ಪುಗಳನ್ನು ಹೇಳಿಬಿಡುತ್ತೇನೆ. ನಿಮ್ಮ ನಾಯಕ 2005ರಲ್ಲೇ ದಂಡ ಹಾಕಿಸುತ್ತಾನೆ. ಸ್ಪರ್ಧಾ ಕಾಯ್ದೆ 2002ರದ್ದು ನಿಜ, ಆದರೆ ಬೆಲೆ ಒಪ್ಪಂದಗಳನ್ನು ತಡೆಯುವ ಕಲಂ ಜಾರಿಗೆ ಬಂದದ್ದು 2009ರ ಮೇ 20ಕ್ಕೆ. ಕಂಪನಿ ಮಾಲೀಕನನ್ನು ಜೈಲಿಗೆ ಕಳಿಸಿದ್ದೀರಿ. ಅಮೆರಿಕದಲ್ಲಾದರೆ ಅದು ನಡೆಯುತ್ತದೆ. ನಮ್ಮ ಕಾಯ್ದೆಯಲ್ಲಿ ಹೀಗೆ ಬೆಲೆ ಏರಿಸಲು ಕೂಟ (ಕಾರ್ಟೆಲ್) ಕಟ್ಟಿದ್ದಕ್ಕೆ ದಂಡವೇ ಶಿಕ್ಷೆ. ಆ ದಂಡವೇನೂ ಸಣ್ಣದಲ್ಲ, 2012ರಲ್ಲಿ ಸಿಮೆಂಟ್ ಕಂಪನಿಗಳಿಗೆ ಹಾಕಿದ್ದು 6,000 ಕೋಟಿ ರೂಪಾಯಿಗೂ ಮೇಲೆ. ಇನ್ನು ಆ ಕೋರ್ಟಿನ ದೃಶ್ಯ. ನಿಮ್ಮ ನಾಯಕ ಇರುವ ತನಿಖಾ ವಿಭಾಗ, ಅಂದರೆ ಮಹಾನಿರ್ದೇಶಕರ ಕಚೇರಿ, ತನಿಖೆ ಮಾಡಿ ವರದಿ ಕೊಡುತ್ತದೆ, ಕಂಪನಿಗಳ ಮಾತು ಕೇಳಿ ಆದೇಶ ಮಾಡುವುದು ಆಯೋಗ. ಸೆಷನ್ಸ್ ಕೋರ್ಟಿನ ಸರ್ಕಾರಿ ವಕೀಲರಂತೆ ಟೇಬಲ್ ಗುದ್ದುವ ಪ್ರಸಂಗವನ್ನು ತೆಗೆಯಿರಿ.

ಇವು ತಿದ್ದಿದರೆ ಮುಗಿಯುವ ಮಾತು. ನನ್ನನ್ನು ನಿಜಕ್ಕೂ ನೋಯಿಸಿದ್ದು ರಾಜೀನಾಮೆಯ ಪುಟ. ‘ದುಡ್ಡಿನಾಸೆ ಗೆದ್ದಿತು’ ಎಂದು ಒಂದೇ ಸಾಲಲ್ಲಿ ಮುಗಿಸಿದ್ದೀರಿ. ಹನ್ನೆರಡು ವರ್ಷ ನಮ್ಮ ಜೊತೆ ನಡೆದ ಮನುಷ್ಯನನ್ನು ಹೀಗೆ ಕೈಬಿಡಬೇಡಿ. ಪೂರ್ಣಾವಧಿ ಸಂಬಳದ ನೌಕರ ವಕೀಲಿ ಮಾಡುವಂತಿಲ್ಲ, ಹಾಗಾಗಿ ಅವನ ಸನ್ನದು, ಅಂದರೆ ವಕೀಲಿ ಮಾಡುವ ಪರವಾನಗಿ, ಅಷ್ಟೂ ವರ್ಷ ಅಮಾನತಿನಲ್ಲಿತ್ತು. ಅದು ಮರಳಿ ಕೈಗೆ ಬಂದ ದಿನ, ಹಳೆಯ ಕರಿ ಕೋಟು ಮೈಗೆ ಬಿಗಿಯಾದ ದಿನ ನಿಮ್ಮ ಕಥೆಯಲ್ಲಿ ಇಲ್ಲವೇ ಇಲ್ಲ. ತಾನೇ ತನಿಖೆ ಮಾಡಿದ ಕೇಸುಗಳಲ್ಲಿ ಎದುರು ಪಕ್ಷಕ್ಕೆ ನಿಲ್ಲುವಂತಿಲ್ಲ. ಆದರೆ ಕಲಿತ ವಿದ್ಯೆ ತಲೆಯಲ್ಲೇ ಇರುತ್ತದಲ್ಲ?

ಅದೇ ಕಾಯ್ದೆಯ 46ನೇ ಕಲಂ ಓದಿ. ಕೂಟದಲ್ಲಿದ್ದ ಕಂಪನಿ ತಾನಾಗಿ ಬಂದು ಗುಟ್ಟು ಒಪ್ಪಿಸಿದರೆ ದಂಡ ಕಡಿಮೆಯಾಗುತ್ತದೆ. ಮೊದಲು ಬಂದವರಿಗೆ ಶೇ. 100ರವರೆಗೆ, ಎರಡನೆಯವರಿಗೆ ಶೇ. 50ರವರೆಗೆ. ರೈಲ್ವೆಗೆ ಫ್ಯಾನ್ ಪೂರೈಸುವ ಟೆಂಡರಿನ ಪ್ರಕರಣದಲ್ಲಿ, 2017ರಲ್ಲಿ, ಮೊದಲ ಬಾರಿಗೆ ಒಂದು ಕಂಪನಿಗೆ ಶೇ. 75ರಷ್ಟು ಮಾಫಿ ಸಿಕ್ಕಿತು. ಈಗ ಊಹಿಸಿ: ಮಧ್ಯರಾತ್ರಿ ಕಕ್ಷಿದಾರ ಫೋನ್ ಮಾಡಿ ‘ಏನ್ ಮಾಡೋಣ ಸಾರ್’ ಅನ್ನುತ್ತಾನೆ. ‘ಬೆಳಗಾಗೋದ್ರೊಳಗೆ ಅರ್ಜಿ ಸಿದ್ಧ ಮಾಡಿ, ಇನ್ನೊಬ್ಬರು ಮೊದಲು ಹೋದರೆ ಕೆಟ್ಟಿರಿ’ ಎಂದು ನಿಮ್ಮ ನಾಯಕ ಹೇಳುತ್ತಾನೆ. ಆ ಬಾಗಿಲ ಒಳಗೆ ಕೂತು ಬಂದವನಿಗೆ ಅದು ಗೊತ್ತು. ಕಂಪನಿಯೂ ಉಳಿಯಿತು, ಕೂಟವೂ ಒಡೆಯಿತು. ಆ ರಾತ್ರಿ ಅವನು ಯಾರ ಪರ ಇದ್ದ? ಇದನ್ನು ಬರೆಯಲು ನಿಮ್ಮಿಂದ ಆಗುತ್ತದೆ. ಯಾಕೆ ಹೇಳುತ್ತೇನೆಂದರೆ, ಎರಡನೇ ಪುಟದಲ್ಲಿ ನೀವದನ್ನು ಆಗಲೇ ಶುರು ಮಾಡಿದ್ದೀರಿ. ದಾವಣಗೆರೆ ಎಪಿಎಂಸಿಯಲ್ಲಿ ಮೆಕ್ಕೆಜೋಳದ ರಾಶಿ ಮುಂದೆ ಅಪ್ಪ ಕೂತಿದ್ದಾರೆ, ಬಂದ ಖರೀದಿದಾರರೆಲ್ಲ ಒಂದೇ ರೇಟು ಹೇಳಿ ಹೋಗುತ್ತಾರೆ. ಅಪ್ಪ ಮಗನ ಕಡೆ ತಿರುಗಿ ‘ಅಲ್ಲಲೇ, ಎಲ್ರಿಗೂ ಒಂದೇ ರೇಟು ಹೆಂಗ್ ತಿಳೀತು?’ ಅನ್ನುತ್ತಾರೆ. ಓದಿ ಮೈ ಜುಮ್ಮೆಂದಿತು. ಮೂರೇ ಸಾಲಿಗೆ ಅಲ್ಲಿಂದ ಓಡಿಬಿಟ್ಟಿರಿ. ದೆಹಲಿ ಸೇರಿದ ಮೇಲೆ ಅದೇ ಅಪ್ಪ ಫೋನಿನಲ್ಲಿ ಪಠ್ಯಪುಸ್ತಕದ ಕನ್ನಡ ಮಾತಾಡುತ್ತಾರೆ!

ಮಗ ಕೆಲಸ ಬಿಟ್ಟ ಸುದ್ದಿ ಆ ಅಪ್ಪನಿಗೆ ಹೇಗೆ ತಲುಪಿತು? ಅವರು ಏನು ಕೇಳಿದರು? ಅಲ್ಲಿಂದ ಮತ್ತೆ ಬರೆಯಿರಿ. ಯುಗಾದಿ ಸಂಚಿಕೆಯಲ್ಲಿ ನಿಮಗೆ ಆರು ಪುಟ ಎತ್ತಿಟ್ಟಿರುತ್ತೇನೆ.

ನಿಮ್ಮ
ಸಂಪಾದಕ, ದಾವಣಗೆರೆ