ಯು/ಎ 13+ ಇದೆ, ಒಂಬತ್ತರ ಮಗಳನ್ನು ಕರೆದುಕೊಂಡು ಹೋಗಬಹುದೇ?

ಪ್ರಶ್ನೆ: ರಾಜರ ಕಾಲದ ಸಿನಿಮಾ ಬಂದಿದೆ. ಯು/ಎ 13+ ಅಂತ ಸರ್ಟಿಫಿಕೇಟ್ ಇದೆ. ಮಗಳಿಗೆ 9 ವರ್ಷ. ಇತಿಹಾಸ ಕಲಿಯಲಿ ಅಂತ ಕರೆದುಕೊಂಡು ಹೋಗಬೇಕೆಂದಿದ್ದೇವೆ. ಹೋಗಬಹುದಾ?

ಐತಿಹಾಸಿಕ ಚಿತ್ರ ಬಂದಾಗಲೆಲ್ಲ ಇದೇ ಪ್ರಶ್ನೆ, ಮಗುವಿನ ವಯಸ್ಸು ಮಾತ್ರ ಬೇರೆ. ಕಾನೂನಿನ ಮಟ್ಟಿಗೆ ಕೇಳುವುದಾದರೆ, ಹೋಗಬಹುದು. ಯು/ಎ ಪಕ್ಕದ 7+, 13+, 16+ ಅಂದರೆ ಆ ವಯಸ್ಸಿಗಿಂತ ಚಿಕ್ಕವರಿಗೆ ಯೋಚಿಸಿ ತೋರಿಸಿ ಎಂದು ಹೆತ್ತವರಿಗೆ ಕೊಟ್ಟಿರುವ ಸೂಚನೆ. ಗೇಟಿನಲ್ಲಿ ತಡೆಯುವುದು ‘ಎ’ಗೆ ಮಾತ್ರ. ಅಂದರೆ ನಿರ್ಧಾರ ನಿಮ್ಮದೇ, ಆಮೇಲೆ ಸೆನ್ಸಾರ್ ಮಂಡಳಿಯನ್ನು ಬೈದು ಪ್ರಯೋಜನವಿಲ್ಲ.

ನನಗೆ ಸಿಟ್ಟು ಬರುವುದು ‘ಇತಿಹಾಸ ಕಲಿಯಲಿ’ ಅನ್ನುವ ಮಾತಿಗೆ. ಸಂಗೊಳ್ಳಿ ರಾಯಣ್ಣನನ್ನು 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಿದರು ಎಂಬುದು ಪಠ್ಯದಲ್ಲಿ ಒಂದು ಸಾಲು. ಮಗು ಓದುತ್ತದೆ, ಪುಟ ಮಗುಚುತ್ತದೆ. ಅದನ್ನೇ ತೆರೆಗೆ ತಂದರೆ ಐದು ನಿಮಿಷ: ಹಗ್ಗ, ಮುಖದ ಕ್ಲೋಸಪ್, ಸುತ್ತ ಎದೆ ಬಡಿದುಕೊಳ್ಳುವ ಹೆಂಗಸರು, ಕುರ್ಚಿ ಅದುರಿಸುವ ನಗಾರಿ. ಎರಡೂ ಒಂದೇ ಪಾಠ ಅಂದುಕೊಳ್ಳಬೇಡಿ.

ಭೂತದ ಸಿನಿಮಾ ನೋಡಿ ಹೆದರಿದ ಮಗುವಿಗೆ ‘ಇದೆಲ್ಲ ಸುಳ್ಳು ಪುಟ್ಟೀ’ ಎಂದು ಸಮಾಧಾನ ಹೇಳಬಹುದು. ಐತಿಹಾಸಿಕ ಚಿತ್ರಕ್ಕೆ ಆ ಮದ್ದು ನಡೆಯುವುದಿಲ್ಲ. ಯಾಕೆಂದರೆ ದಾರಿಯುದ್ದಕ್ಕೂ ‘ಇದು ನಿಜವಾಗಿ ನಡೆದದ್ದು’ ಎಂದು ಹೇಳಿಕೊಂಡು ಹೋದವರು ನೀವೇ. ಆ ನಟ ಸತ್ತಿಲ್ಲ ಎಂದು ಒಂಬತ್ತರ ಮಗುವಿಗೆ ಗೊತ್ತು. ಆದರೆ ಹಿಂದೆ ಯಾರದೋ ತಲೆಯನ್ನು ಹೀಗೆಯೇ ಕಡಿದಿದ್ದರು ಎಂಬುದೂ ಈಗ ಗೊತ್ತಾಯಿತಲ್ಲ, ರಾತ್ರಿ ಎಬ್ಬಿಸುವುದು ಅದು.

ಇನ್ನು ರಕ್ತ ಹರಿಯದ ಸಾವು. ಶತ್ರುವಿನ ಕೈಗೆ ಸಿಗಬಾರದೆಂದು ಅಲಂಕಾರ ಮಾಡಿಕೊಂಡ ಹೆಂಗಸರು ನಿಧಾನಗತಿಯಲ್ಲಿ ಬೆಂಕಿಯ ಕಡೆ ನಡೆಯುತ್ತಾರೆ, ಹಿನ್ನೆಲೆಯಲ್ಲಿ ಹಾಡು. ಒಂದು ಹನಿ ರಕ್ತವಿಲ್ಲ. ‘ಅಯ್ಯೋ, ಕೆಟ್ಟ ಸೀನ್ ಏನೂ ಇಲ್ಲ, ಆರಾಮಾಗಿ ನೋಡಿ’ ಎಂದು ಮೊದಲ ಶೋ ಮುಗಿಸಿ ಮೊಬೈಲ್ ಹಿಡಿದು ಹೇಳುವ ವಿಮರ್ಶಕರಿದ್ದಾರಲ್ಲ, ಅವರ ಲೆಕ್ಕಕ್ಕೆ ಇದು ಬರುವುದೇ ಇಲ್ಲ. ಅವರ ನಿಘಂಟಿನಲ್ಲಿ ಕೆಟ್ಟದ್ದು ಅಂದರೆ ಮುತ್ತು, ಅಷ್ಟೇ. ಸಾಯುವುದು ಹಬ್ಬದ ಹಾಗೆ ಕಂಡರೆ ಮಗು ಏನು ತಿಳಿದುಕೊಳ್ಳುತ್ತದೆ ಎಂದು ಅವರು ಯೋಚಿಸಿರುವುದಿಲ್ಲ.

ಕರೆದುಕೊಂಡು ಹೋಗಲೇಬೇಕೆಂದರೆ ಮೊದಲು ನಿಮ್ಮಲ್ಲೊಬ್ಬರು ನೋಡಿ ಬನ್ನಿ. ಆಗದಿದ್ದರೆ ನೋಡಿದವರನ್ನು ಕೇಳಿ, ಆದರೆ ‘ಚೆನ್ನಾಗಿದೆಯಾ’ ಎಂದು ಕೇಳಬೇಡಿ. ತೆರೆಯ ಮೇಲೆ ಮಗು ಸಾಯುತ್ತದೆಯೇ? ಹೆಂಗಸಿನ ಮೇಲೆ ದೌರ್ಜನ್ಯ ಇದೆಯೇ, ಇದ್ದರೆ ಕ್ಯಾಮೆರಾ ಪಕ್ಕಕ್ಕೆ ಸರಿಯುತ್ತದೆಯೇ? ಕಟ್ಟಿಹಾಕಿ ಹಿಂಸಿಸುವ ದೃಶ್ಯ ಎಷ್ಟು ಹೊತ್ತು? ಯಾರಾದರೂ ತಮ್ಮ ಜೀವ ತಾವೇ ತೆಗೆದುಕೊಳ್ಳುತ್ತಾರೆಯೇ? ಈ ನಾಲ್ಕಕ್ಕೆ ಉತ್ತರ ಸಿಕ್ಕರೆ ಸಾಕು. ಟ್ರೇಲರ್ ನಂಬಬೇಡಿ, ಅದಕ್ಕೆ ಬೇರೆಯೇ ಸರ್ಟಿಫಿಕೇಟ್. ಇಂಥ ಚಿತ್ರಗಳಲ್ಲಿ ಹೊಡೆತ ಸಾಮಾನ್ಯವಾಗಿ ಇಂಟರ್ವಲ್‌ಗೆ ಮುಂಚಿನ ಕಾಲು ಗಂಟೆ ಮತ್ತು ಕೊನೆಯ ಮುಕ್ಕಾಲು ಗಂಟೆಯಲ್ಲಿ ಗುಡ್ಡೆ ಬಿದ್ದಿರುತ್ತದೆ. ಮಧ್ಯಾಹ್ನದ ಶೋ ತೆಗೆದುಕೊಳ್ಳಿ. ರಾತ್ರಿಯದಾದರೆ ನೋಡಿದ್ದು ನೇರ ನಿದ್ದೆಗೇ ಹೋಗುತ್ತದೆ. ಹಿಂದಿನ ಸಾಲಿನಲ್ಲಿ, ನಡೆದಾಡುವ ಜಾಗದ ಪಕ್ಕದ ಸೀಟು ಹಿಡಿಯಿರಿ.

ಯಾರು ಸಾಯುತ್ತಾರೆ ಎಂದು ಮೊದಲೇ ಹೇಳಿಬಿಡಿ. ಕಥೆ ಗೊತ್ತಾದರೆ ಮಜಾ ಹೋಗುತ್ತದೆ ಅನ್ನುವುದು ದೊಡ್ಡವರ ಚಿಂತೆ. ಮಕ್ಕಳು ಗೊತ್ತಿದ್ದ ಕಥೆಯನ್ನೇ ನೂರು ಸಲ ಕೇಳುತ್ತಾರೆ.

ಕಣ್ಣಿಗೆ ಕೈ ಅಡ್ಡ ಹಿಡಿಯುವುದು ಕೆಲಸಕ್ಕೆ ಬಾರದ ಉಪಾಯ. ಚಿತ್ರ ನಿಂತಿತು, ಕಿರುಚಾಟ ನಾಲ್ಕೂ ಕಡೆಯಿಂದ ಬರುತ್ತಲೇ ಇದೆ, ಕಾಣದ್ದನ್ನು ಮಗು ಅದಕ್ಕಿಂತ ಭೀಕರವಾಗಿ ಕಲ್ಪಿಸಿಕೊಳ್ಳುತ್ತದೆ. ಎದ್ದು ಹೊರಗೆ ಹೋಗಿ. ಟಿಕೆಟ್ ದುಡ್ಡು ಹೋಯಿತು ಎಂದು ಕೂತವರೇ ಆಮೇಲೆ ಪತ್ರ ಬರೆಯುವುದು. ‘ರಕ್ತ ನೋಡಿದರೆ ಮಕ್ಕಳು ಗಟ್ಟಿಯಾಗುತ್ತಾರೆ’ ಎನ್ನುವ ಮನೆಯ ಹಿರಿಯರಿಗೆ ಕೈಮುಗಿದು ಸುಮ್ಮನಾಗಿ, ವಾದ ಬೇಡ.

ನನ್ನನ್ನು ಕೇಳಿದರೆ, ಒಂಬತ್ತಕ್ಕೆ ಬೇಡ. ಸಿನಿಮಾ ಎಲ್ಲಿಗೂ ಓಡಿಹೋಗುವುದಿಲ್ಲ.

ಪ್ರಶ್ನೆ: ಹಳೆಯ ಐತಿಹಾಸಿಕ ಚಿತ್ರಕ್ಕೆ ಬರೀ ಯು/ಎ ಇದೆ. ಟಿವಿಯಲ್ಲೂ ಬಂದಿತ್ತು. ಈಗ ಒಟಿಟಿಯಲ್ಲಿ ಮಕ್ಕಳಿಗೆ ತೋರಿಸಬಹುದಲ್ಲ?

ಯು/ಎ ಅನ್ನು ಮೂರಾಗಿ ಒಡೆದದ್ದು 2024ರ ನಿಯಮ. ಅದಕ್ಕೂ ಹಿಂದಿನ ಯು/ಎ ಅಂದರೆ 12ರ ಒಳಗಿನವರಿಗೆ ಹೆತ್ತವರ ಮಾರ್ಗದರ್ಶನ ಬೇಕು ಎಂದಷ್ಟೇ. ಇಂದಿನ ಲೆಕ್ಕದಲ್ಲಿ ಅದು 7+ ಆಗಬಹುದಿತ್ತೋ 16+ ಆಗಬಹುದಿತ್ತೋ, ಆ ಎರಡಕ್ಷರ ಹೇಳುವುದಿಲ್ಲ. ಟಿವಿಯಲ್ಲಿ ಬಂದದ್ದು ಕತ್ತರಿಸಿದ ಪ್ರತಿ ಇರಬಹುದು, ಒಟಿಟಿಯಲ್ಲಿರುವುದು ಬೇರೆ ಪ್ರತಿ ಇರಬಹುದು. ಎರಡರ ಅವಧಿ ಹೋಲಿಸಿ ನೋಡಿ. ಒಟಿಟಿಯಲ್ಲಿ ರೇಟಿಂಗ್ ಹಾಕುವುದು ಆ ಕಂಪನಿಯೇ, ಸೆನ್ಸಾರ್ ಮಂಡಳಿಯಲ್ಲ. ಆದರೆ 2021ರ ಐಟಿ ನಿಯಮದಂತೆ ವಯಸ್ಸಿನ ಜೊತೆಗೆ ಚಿತ್ರದಲ್ಲಿ ಏನಿದೆ ಎಂಬ ಒಂದು ಸಾಲನ್ನೂ ಆರಂಭದಲ್ಲಿ ತೋರಿಸಬೇಕು: ಹಿಂಸೆ, ಭಾಷೆ, ನಗ್ನತೆ, ಮಾದಕ ವಸ್ತು ಹೀಗೆ. ಸಂಖ್ಯೆಗಿಂತ ಆ ಸಾಲು ಉಪಯುಕ್ತ, ಎಲ್ಲರೂ ‘ಸ್ಕಿಪ್’ ಒತ್ತುವುದೂ ಅಲ್ಲೇ. 13+ ಮತ್ತು ಮೇಲಿನದಕ್ಕೆ ಲಾಕ್ ಸೌಲಭ್ಯ ಕೊಡಬೇಕೆಂದೂ ಅದೇ ನಿಯಮ ಹೇಳುತ್ತದೆ. ಪಿನ್ ಹಾಕಬೇಕಾದವರು ನೀವು. ಮಕ್ಕಳ ಪ್ರೊಫೈಲ್ ಮಾಡಿ ನಿಮ್ಮದಕ್ಕೆ ಪಿನ್ ಹಾಕದೇ ಬಿಟ್ಟರೆ ಅದು ಬಾಗಿಲು ತೆರೆದಿಟ್ಟು ಕಿಟಕಿಗೆ ಚಿಲಕ ಹಾಕಿದ ಹಾಗೆ. ಮಗುವಿನ ಹುಟ್ಟಿದ ವರ್ಷವನ್ನು ಪಿನ್ ಮಾಡಬೇಡಿ, ಮಗುವಿಗೆ ಮೊದಲು ಹೊಳೆಯುವುದೇ ಅದು.

ಪ್ರಶ್ನೆ: ‘ಎ’ ಚಿತ್ರಕ್ಕೆ 16ರ ಮಗನನ್ನು ನಾವೇ ಜೊತೆಗಿದ್ದು ಕರೆದುಕೊಂಡು ಹೋದರೆ? ಅಮೆರಿಕದಲ್ಲಿ ಬಿಡುತ್ತಾರಂತೆ.

ಇಲ್ಲ. ಹೆತ್ತವರ ಜೊತೆಗೆ ಬಿಡುವ ಅಲ್ಲಿನ ‘ಆರ್’ ದರ್ಜೆ ಬೇರೆ, ಇಲ್ಲಿನ ‘ಎ’ ಬೇರೆ. ಇಲ್ಲಿ 18 ತುಂಬಿರಬೇಕು, ಅಪ್ಪ ಅಮ್ಮ ಜೊತೆಗಿದ್ದರೂ ಅಷ್ಟೇ.

ಪ್ರಶ್ನೆ: ಸೆನ್ಸಾರ್ ಆಗಿದೆ ಎಂದರೆ ಅದರಲ್ಲಿರುವ ಇತಿಹಾಸ ಸರಿ ಎಂದಲ್ಲವೇ?

ಅಲ್ಲ. ಅದು ಪ್ರದರ್ಶನದ ಪರವಾನಗಿ.

ಪ್ರಶ್ನೆ: ನವಾಬ ಹುಕ್ಕಾ ಸೇದುವಾಗಲೂ ಕೆಳಗೆ ತಂಬಾಕಿನ ಎಚ್ಚರಿಕೆ ಯಾಕೆ? ರಸಭಂಗ.

ಕಾನೂನು ಶತಮಾನ ಕೇಳುವುದಿಲ್ಲ. ಹುಕ್ಕಾದಲ್ಲಿರುವುದೂ ತಂಬಾಕೇ.