ಏಳು ವರ್ಷದ ಪೊಮೆರೇನಿಯನ್‌ಗೆ ಬಾಯಿ ನಾತ: ನಮ್ಮ ಪೇಸ್ಟಲ್ಲೇ ಹಲ್ಲುಜ್ಜಬಹುದಾ? ಮೊಸರನ್ನ ನಿಲ್ಲಿಸಬೇಕಾ?

ನಮ್ಮ ಪೇಸ್ಟ್ ಬೇಡವೇ ಬೇಡ. ನಾಯಿಗೆ ಮುಕ್ಕಳಿಸಿ ಉಗುಳೋಕೆ ಬರಲ್ಲ, ಹಚ್ಚಿದ್ದೆಲ್ಲ ಹೊಟ್ಟೆಗೇ. ಕೆಲವು ಪೇಸ್ಟ್‌ಗಳಲ್ಲಿ ಸಿಹಿಗೆ ಹಾಕೋ ಝೈಲಿಟಾಲ್ ನಾಯಿಗಳಿಗೆ ವಿಷ. ರಕ್ತದ ಸಕ್ಕರೆ ದಿಢೀರನೆ ಇಳಿಯುತ್ತೆ, ಲಿವರ್ ಕೂಡ ಕೆಡಬಹುದು. ಯಾರಾದರೂ ಲವಂಗದೆಣ್ಣೆ ಹಚ್ಚಿ ಅಂದರೂ ಕೇಳಬೇಡಿ. ಮನೆಯಲ್ಲಿ ಬೆಕ್ಕಿದ್ದರಂತೂ ಅದರ ಹತ್ತಿರಕ್ಕೂ ತರಬೇಡಿ.

ಇವತ್ತು ಮಾಡಬೇಕಾದ್ದು ಇಷ್ಟೇ: ಕೆನ್ನೆಯ ಕಡೆ ತುಟಿ ಎತ್ತಿ ನೋಡಿ. ಮುಂದಿನ ಹಲ್ಲು ಬೆಳ್ಳಗಿದೆ ಅಂತ ಸಮಾಧಾನ ಪಟ್ಟುಕೊಳ್ಳಬೇಡಿ. ಮೇಲ್ದವಡೆಯ ಹಿಂದಿನ ದೊಡ್ಡ ಹಲ್ಲಿನ ಎದುರಿಗೇ ಜೊಲ್ಲಿನ ನಾಳ ತೆರೆದುಕೊಳ್ಳುತ್ತೆ, ಟಾರ್ಟರ್ (ಹಲ್ಲಿಗೆ ಅಂಟಿ ಗಟ್ಟಿಯಾದ ಕೊಳೆ) ಕಟ್ಟೋದು ಅಲ್ಲೇ ಜಾಸ್ತಿ. ಪೊಮೆರೇನಿಯನ್‌ನ ಅಷ್ಟು ಚಿಕ್ಕ ದವಡೆಯಲ್ಲೂ ದೊಡ್ಡ ನಾಯಿಗಿರುವಷ್ಟೇ 42 ಹಲ್ಲು ಒತ್ತೊತ್ತಾಗಿ ಕೂರಬೇಕು, ಸಂದುಗಳಲ್ಲಿ ಕೊಳೆ ನಿಲ್ಲದೆ ಇನ್ನೇನು?

ಕಂದು ಬಣ್ಣದ ಗಟ್ಟಿ ಪದರ ಕಂಡರೆ, ವಸಡು ಕೆಂಪಗಿದ್ದರೆ ಈಗ ಬ್ರಷ್ ಹಿಡಿದು ಪ್ರಯೋಜನವಿಲ್ಲ. ಪಶುವೈದ್ಯರು ರಕ್ತಪರೀಕ್ಷೆ ಮಾಡಿಸಿ, ಅರಿವಳಿಕೆ ಕೊಟ್ಟು ಸ್ಕೇಲಿಂಗ್ (ಆ ಗಟ್ಟಿ ಪದರ ಕೆರೆದು ತೆಗೆಯೋದು) ಮಾಡಬೇಕು. ಅರಿವಳಿಕೆ ಇಲ್ಲದೆ ಕೆರೆದು ಕೊಡ್ತೀವಿ ಅನ್ನೋರಿಗೆ ದುಡ್ಡು ಕೊಡೋದು ದಂಡ ಅಂತ ನನ್ನ ಅಭಿಪ್ರಾಯ. ಹಲ್ಲು ಹೊಳೆಯುತ್ತೆ, ನಾತ ಹುಟ್ಟಿಸೋ ಬ್ಯಾಕ್ಟೀರಿಯಾ ವಸಡಿನ ಕೆಳಗೆ ಹಾಗೇ ಉಳಿಯುತ್ತೆ.

ಬ್ರಷ್ ಶುರು ಮಾಡೋದು ಆಮೇಲೆ. ಹಲ್ಲಿನ ಮೇಲಿನ ಮೆತ್ತನೆ ಪದರ ಎರಡು ಮೂರು ದಿನದಲ್ಲೇ ಗಟ್ಟಿಯಾಗತೊಡಗುತ್ತೆ, ಹಾಗಾಗಿ ಭಾನುವಾರದ ಸ್ನಾನದ ಜೊತೆ ಒಂದು ಸಲ ಉಜ್ಜಿದರೆ ಸಾಲದು, ದಿನಾ ಬೇಕು. ನಾಯಿಗಳಿಗೆಂದೇ ಸಿಗೋ ಕೋಳಿ ರುಚಿಯ ಪೇಸ್ಟನ್ನ ಮೊದಲ ಕೆಲವು ದಿನ ಬೆರಳಲ್ಲಿ ಬರೀ ನೆಕ್ಕಿಸಿ. ನಂತರ ಬೆರಳಿಗೆ ಹತ್ತಿಬಟ್ಟೆ ಸುತ್ತಿ, ಕೊನೆಗೆ ಮಕ್ಕಳ ಮೆತ್ತನೆ ಬ್ರಷ್. ಹೊರಗಿನ ಬದಿ ಉಜ್ಜಿದರೆ ಸಾಕು, ಒಳಬದಿಯನ್ನ ನಾಲಿಗೆ ಸುಮಾರಾಗಿ ನೋಡಿಕೊಳ್ಳುತ್ತೆ. ನಮ್ಮನೆಯ ಹೆಣ್ಣುನಾಯಿ ಬ್ರಷ್ ಕಂಡರೆ ಮಂಚದ ಕೆಳಗೆ ಓಡ್ತಾಳೆ, ಪೇಸ್ಟಿನ ಮುಚ್ಚಳ ತೆಗೆದ ವಾಸನೆಗೆ ವಾಪಸ್ ಬರ್ತಾಳೆ.

ಮೊಸರನ್ನ ನಿಲ್ಲಿಸಬೇಕಿಲ್ಲ, ಆದರೆ ಹಲ್ಲು ತಿಕ್ಕೋ ಕೆಲಸ ಅದರಿಂದ ಆಗಲ್ಲ. ಅದಕ್ಕೇ ಅಂತ ಬೇಯಿಸಿದ ಮೂಳೆ ಹಾಕಬೇಡಿ, ಹಲ್ಲೇ ಸೀಳಿಹೋಗಬಹುದು. ಅಗಿಯೋಕೆ ಏನೇ ಕೊಟ್ಟರೂ ಉಗುರು ಒತ್ತಿದರೆ ಗುರುತು ಬೀಳುವಷ್ಟು ಮೆತ್ತಗಿರಲಿ.

ಇನ್ನೊಂದು. ಉಸಿರು ಮೂತ್ರದಂತೆ ನಾರುತ್ತಿದ್ದು, ನೀರು ಜಾಸ್ತಿ ಕುಡೀತಾ ಸೊರಗುತ್ತಿದ್ದರೆ ಕಿಡ್ನಿ ತೊಂದರೆ ಇರಬಹುದು. ಸಿಹಿ ಹಣ್ಣಿನ ವಾಸನೆಯಾದರೆ ಸಕ್ಕರೆ ಕಾಯಿಲೆ ಇರಬಹುದು. ಆಗ ಹಲ್ಲಿನ ವಿಚಾರ ಬದಿಗಿಟ್ಟು ಅವತ್ತೇ ಡಾಕ್ಟರ ಹತ್ತಿರ ಕರ್ಕೊಂಡು ಹೋಗಿ.