ಅವನೂ ಇವನೂ ಒಬ್ಬನೇ

"ನೀವು ಕನ್ನಡದವರೇ ಅಲ್ವಾ? ತಮ್ಮನ ಅಂಗವಿಕಲ ಪಿಂಚಣಿಗೆ ಕರ್ನಾಟಕದಲ್ಲೇ ಅರ್ಜಿ ಹಾಕಬಹುದಲ್ಲ? ಸುಮ್ನೆ ಯಾಕೆ ಆ ಮಲಯಾಳಂ ಆಫೀಸುಗಳಿಗೆ ಅಲೆಯುತ್ತೀರಿ?"

ನಿನ್ನ ಪ್ರಶ್ನೆ ಓದಿ ಮೊದಲು ನಗು ಬಂತು. ಆಮೇಲೆ ಸ್ವಲ್ಪ ಸಿಟ್ಟೂ ಬಂತು. ನಿನ್ನ ಮೇಲೆ ಅಂತಲ್ಲ. ಬೆಂಗಳೂರಿನಲ್ಲಿ ಇದನ್ನು ಕೇಳಿದವರಲ್ಲಿ ನೀನೇ ಮೊದಲಿಗನೂ ಅಲ್ಲ. ನಿಮಗೆಲ್ಲ ನಮ್ಮ ಕಾಸರಗೋಡು ಅಂದರೆ ಪಕ್ಕದ ಮನೆಯಲ್ಲಿ ಮರೆತು ಬಂದ ಕೊಡೆಯ ಹಾಗೆ. ಯಾವತ್ತಾದರೂ ಹೋಗಿ ತಂದರೆ ಆಯ್ತು ಎಂಬ ಧೋರಣೆ.

ಪಿಂಚಣಿ ಭಾಷೆ ನೋಡಿ ಬರುವುದಿಲ್ಲ ಮಾರಾಯ, ವಿಳಾಸ ನೋಡಿ ಬರುತ್ತದೆ. ನಮ್ಮ ರೇಷನ್ ಕಾರ್ಡ್ ಕೇರಳದ್ದು, ಓಟು ಕೇರಳದ್ದು, ಮನೆ ತೆರಿಗೆ ಕಟ್ಟುವುದು ಇಲ್ಲಿನ ಪಂಚಾಯತಿಗೆ. 1956ರ ನವೆಂಬರ್ 1ರಂದು ಕಾಸರಗೋಡು ದಕ್ಷಿಣ ಕನ್ನಡದಿಂದ ಕೇರಳಕ್ಕೆ ಹೋಯಿತು. ಅಜ್ಜ ಅವತ್ತೂ ಅದೇ ಗದ್ದೆಯಲ್ಲಿದ್ದರು, ಅವರನ್ನು ಯಾರೂ ಒಂದು ಮಾತು ಕೇಳಿರಲಿಲ್ಲ. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕು ಎಂದು ಗಡಿ ವಿವಾದಕ್ಕಾಗಿ ನೇಮಿಸಿದ ಮಹಾಜನ್ ಆಯೋಗ 1967ರಲ್ಲಿ ಬರೆಯಿತು. ಸಂತೋಷ. ಆದರೆ ಆ ವರದಿಯ ಜೆರಾಕ್ಸ್ ತೆಗೆದು ಅರ್ಜಿಗೆ ಪಿನ್ ಮಾಡಿದರೆ ಯಾವ ಆಫೀಸಿನಲ್ಲೂ ತೆಗೆದುಕೊಳ್ಳುವುದಿಲ್ಲ.

ಇನ್ನೊಂದು ಮಾತು. ಕರ್ನಾಟಕ ನಮ್ಮನ್ನು ಕನ್ನಡದವರು ಎಂದು ಯಾವಾಗ ನೆನೆಯುತ್ತದೆ ಎಂಬುದಕ್ಕೂ ಲೆಕ್ಕ ಉಂಟು. ನವೆಂಬರ್‌ನಲ್ಲಿ ನೆನೆಯುತ್ತದೆ. ಕೊರೊನಾ ಬಂದ 2020ರ ಮಾರ್ಚ್‌ನಲ್ಲಿ ಮಾತ್ರ ಗಡಿಯ ರಸ್ತೆಗಳಿಗೆ ಮಣ್ಣು ಸುರಿಯಿತು. ತಲಪಾಡಿಯಲ್ಲಿ ಆಂಬುಲೆನ್ಸ್‌ಗೂ ದಾರಿ ಇರಲಿಲ್ಲ. ಮಂಗಳೂರಿನ ಆಸ್ಪತ್ರೆ ತಲುಪಲಾಗದೆ ಇಲ್ಲಿ ಜನ ಸತ್ತರು. ವಿಷಯ ಕೇರಳ ಹೈಕೋರ್ಟಿಗೆ, ಅಲ್ಲಿಂದ ಸುಪ್ರೀಂ ಕೋರ್ಟಿಗೆ ಹೋಯಿತು. ತಮ್ಮನ ಫಿಟ್ಸಿನ ಮಾತ್ರೆ ಬರೆದುಕೊಡುವ ಡಾಕ್ಟರು ಇದ್ದದ್ದು ಆ ಮಣ್ಣಿನ ಗುಡ್ಡೆಯ ಆಚೆ. ಅವತ್ತು ಯಾರೂ "ನೀವು ಕನ್ನಡದವರೇ ಅಲ್ವಾ" ಎಂದು ಕೇಳಲಿಲ್ಲ. ಹೋಗಲಿ, ಇದನ್ನು ಹಿಡಿದರೆ ಪಿಂಚಣಿಯ ಮಾತು ಇಲ್ಲೇ ನಿಲ್ಲುತ್ತದೆ.

ಕೇರಳದ ಮಟ್ಟಿಗೆ ನಾನು ಸುಮ್ಮನೆ ದೂರುವವನಲ್ಲ. ಪಿಂಚಣಿ 2021ರಿಂದ ತಿಂಗಳಿಗೆ 1600 ರೂಪಾಯಿ ಇತ್ತು, 2025ರ ನವೆಂಬರ್‌ನಿಂದ 2000 ಆಗಿದೆ. ಬ್ಯಾಂಕಿಗೆ ಹೋಗಲಾಗದವರಿಗೆ ಸಹಕಾರಿ ಸಂಘದವರು ಮನೆಬಾಗಿಲಿಗೇ ತಂದು ಎಣಿಸಿ ಕೊಡುತ್ತಾರೆ. ಬಾಕಿ ಬಿದ್ದದ್ದು ಓಣಂಗೋ ವಿಷುವಿಗೋ ಒಟ್ಟಿಗೆ ಬರುವುದೂ ಉಂಟು. ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವವರಿಗೆ 'ಆಶ್ವಾಸಕಿರಣಂ' ಎಂದು ತಿಂಗಳಿಗೆ 600 ರೂಪಾಯಿಯ ಬೇರೆಯೇ ಯೋಜನೆ ಇದೆ. ಹಾಗಾಗಿ ಆ ಬಡಪಾಯಿ ಎಂಬ ದನಿ ಬೇಡ. ನಾವು ಕೇಳುವುದು ದಾನ ಅಲ್ಲ, ನಾವಿರುವ ರಾಜ್ಯದಲ್ಲಿ ನಮಗೆ ಬರಬೇಕಾದದ್ದು.

ಅರ್ಜಿ ಹಾಕುವ ಕ್ರಮವನ್ನು ನಾನು ಹೇಳಬೇಕಾಗಿಲ್ಲ. ಎಲ್ಲಾ ಕಡೆ ಇರುವಂಥದ್ದೇ. ಅಂಗವೈಕಲ್ಯ ಶೇ 40 ಅಥವಾ ಜಾಸ್ತಿ ಇರಬೇಕು, ಮೆಡಿಕಲ್ ಬೋರ್ಡಿನ ಸರ್ಟಿಫಿಕೇಟ್ ಬೇಕು, ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ಮಾಡಿಸಬೇಕು. ವರ್ಷಕ್ಕೆ ಒಂದು ಲಕ್ಷದೊಳಗಿನ ಆದಾಯ ಎಂದು ವಿಲೇಜ್ ಆಫೀಸಿನಿಂದ ಬರೆಸಿಕೊಂಡು ಪಂಚಾಯತಿಗೆ ಕೊಡಬೇಕು. ವಿಚಾರಣೆಗೆ ಬರುತ್ತಾರೆ, ಸಮಿತಿಯಲ್ಲಿ ಪಾಸ್ ಆಗುತ್ತದೆ. ನಿಧಾನ, ಆದರೆ ಆಗುತ್ತದೆ.

ಆಗದೇ ಇರುವುದು ಹೆಸರು.

ತಮ್ಮನ ಹೆಸರು ನಿನಗೆ ಗೊತ್ತು, ಇಲ್ಲಿ ಬರೆಯುವುದಿಲ್ಲ. ನಾರಾಯಣ ಎಂದು ಇಟ್ಟುಕೊ. ಅಮ್ಮ ಕರೆಯುವುದು ನಾರಾಯಣ. ಕನ್ನಡ ಶಾಲೆಯ ದಾಖಲೆಯಲ್ಲೂ ಹಾಗೇ, ಹಿಂದೆ ಅಪ್ಪನ ಹೆಸರಿನ ಇನಿಶಿಯಲ್. ರೇಷನ್ ಕಾರ್ಡ್ ಬರೆದವರು ಮಲಯಾಳಂನವರು, ಅವರ ಕಿವಿಗೆ 'ನ್' ಇಲ್ಲದೆ ಗಂಡಸಿನ ಹೆಸರು ಪೂರ್ತಿಯಾಗುವುದಿಲ್ಲ. ಅಲ್ಲಿ ನಾರಾಯಣನ್. ಹುಟ್ಟಿದ ತಿಂಗಳಿನಿಂದ ಚಿಕಿತ್ಸೆ ಮಾಡಿಸಿದ್ದು ಮಂಗಳೂರಿನಲ್ಲಿ, ಅಲ್ಲಿನ ಫೈಲಿನಲ್ಲಿ ನಾರಾಯಣ್. ಆಧಾರ್‌ನಲ್ಲಿ ಇನಿಶಿಯಲ್ ಮುಂದಕ್ಕೆ ಬಂದು ಕೂತಿದೆ, ಜತೆಗೆ ಇಂಗ್ಲಿಷಿನಲ್ಲಿ ಒಂದು 'ಎ' ಜಾಸ್ತಿ. ಊರಿನ ಹೆಸರೂ ಹಾಗೇ. ಒಂದು ಕಾಗದದಲ್ಲಿ ಮಂಜೇಶ್ವರ, ಇನ್ನೊಂದರಲ್ಲಿ ಮಂಜೇಶ್ವರಂ. ಕೇರಳದ ಎಲ್ಲಾ ಫಾರಂಗಳಲ್ಲೂ ಮನೆ ಹೆಸರಿನ ಕಾಲಂ ಒಂದಿರುತ್ತದೆ. ನಮ್ಮದು ಬೈಲು. ಯಾರೋ ಒಬ್ಬ ಪುಣ್ಯಾತ್ಮ ಅದನ್ನೂ ಮಲಯಾಳಂ ಮಾಡಿ ವಯಲ್ ಎಂದು ಬರೆದಿದ್ದಾನೆ.

ಊರಿನಲ್ಲಿ ಇದರಿಂದ ಯಾರಿಗೂ ತೊಂದರೆ ಇಲ್ಲ. ಪೋಸ್ಟ್‌ಮ್ಯಾನ್ ಎಲ್ಲವನ್ನೂ ನಮ್ಮ ಮನೆಗೇ ತರುತ್ತಾನೆ. ತೊಂದರೆ ಇರುವುದು ಕಂಪ್ಯೂಟರಿಗೆ. ಅದರ ಪ್ರಕಾರ ನಮ್ಮ ಮನೆಯಲ್ಲಿ ನಾಲ್ಕು ಜನ ಅಂಗವಿಕಲರಿದ್ದಾರೆ, ಒಬ್ಬೊಬ್ಬರ ಹತ್ತಿರವೂ ಒಂದೊಂದೇ ದಾಖಲೆ, ಯಾರಿಗೂ ಪಿಂಚಣಿಯ ಅರ್ಹತೆ ಇಲ್ಲ.

ಒಂದು ಕಚೇರಿಯಲ್ಲಿ ಗುಮಾಸ್ತ ಕಾಗದಗಳನ್ನೆಲ್ಲ ಮೇಜಿನ ಮೇಲೆ ಸಾಲಾಗಿ ಹರಡಿದ. ಪೆನ್ಸಿಲ್ ತೆಗೆದು ರೇಷನ್ ಕಾರ್ಡಿನ ಕೊನೆಯ 'ನ್'ಗೆ ಒಂದು ಸುತ್ತು, ಆಧಾರ್ ಪ್ರತಿಯ ಇನಿಶಿಯಲ್‌ಗೆ ಒಂದು ಸುತ್ತು, ಮಂಗಳೂರಿನ ಡಿಸ್ಚಾರ್ಜ್ ಸಮ್ಮರಿಗೆ ಎರಡು ಸುತ್ತು. ಆಮೇಲೆ ತಲೆ ಎತ್ತಿ, ಬಹಳ ಮರ್ಯಾದೆಯಿಂದಲೇ, "ಇವರಲ್ಲಿ ನಿಮ್ಮ ತಮ್ಮ ಯಾರು?" ಎಂದ. ಅವನು ತಮಾಷೆ ಮಾಡುತ್ತಿರಲಿಲ್ಲ.

ಇದಕ್ಕೆ ಮದ್ದು ಇಲ್ಲದಿಲ್ಲ. ವಿಲೇಜ್ ಆಫೀಸಿನಿಂದ 'ವನ್ ಆಂಡ್ ಸೇಮ್' ಸರ್ಟಿಫಿಕೇಟ್ ತರಬೇಕು. ಅವನೂ ಇವನೂ ಒಬ್ಬನೇ ಎಂದು ಸರ್ಕಾರವೇ ಬರೆದುಕೊಡುವ ಕಾಗದ. ನಮ್ಮ ಕಡೆ ಮಕ್ಕಳಿಗೂ ಈ ಹೆಸರು ಗೊತ್ತು. ಮದುವೆ ಮನೆಯಲ್ಲಿ ಊಟಕ್ಕೆ ಕೂತಾಗ ಪಕ್ಕದವರು "ನಿಮ್ಮ ವನ್ ಆಂಡ್ ಸೇಮ್ ಆಯ್ತಾ?" ಎಂದು ವಿಚಾರಿಸುತ್ತಾರೆ. ಕೊಡುವವರು ಒಂದೊಂದು ಕಡೆ ಒಂದೊಂದು ರೀತಿ. ಒಬ್ಬರು ಛಾಪಾ ಕಾಗದದಲ್ಲಿ ಅಫಿಡವಿಟ್ ಕೇಳುತ್ತಾರೆ, ಇನ್ನೊಬ್ಬರು ನೆರೆಹೊರೆಯ ಸಾಕ್ಷಿ ಕೇಳುತ್ತಾರೆ, ಮತ್ತೊಬ್ಬರಿಗೆ ಶಾಲೆಯ ದಾಖಲೆಯೇ ಆಗಬೇಕು. ಅಂತೂ ಒಮ್ಮೆ ಕೈಗೆ ಬಂದದ್ದನ್ನು ಮನೆಗೆ ತಂದು ಓದಿದರೆ, ಅದರಲ್ಲಿ ತಮ್ಮನ ಹೆಸರು ಐದನೇ ಬಗೆಯಲ್ಲಿತ್ತು! ಒಬ್ಬನೇ ಎಂದು ಹೇಳಲು ಹೊರಟ ಕಾಗದ ಇನ್ನೊಬ್ಬನನ್ನು ಹುಟ್ಟಿಸಿ ಕೂತಿತ್ತು. ಅಮ್ಮನಿಗೆ ಅದನ್ನು ಓದಿ ಹೇಳಿದಾಗ ಅವಳು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

ಮುಗಿಯಿತು ಎಂದುಕೊಳ್ಳಬೇಡ. ಆ ಕಾಗದ ಯಾವ ಉದ್ದೇಶಕ್ಕೆ ಎಂದು ಅದರಲ್ಲೇ ಬರೆದಿರುತ್ತದೆ. ಪಿಂಚಣಿಗೆ ಎಂದು ಮಾಡಿಸಿದ್ದನ್ನು ಬ್ಯಾಂಕಿನವರು ಒಪ್ಪುವುದಿಲ್ಲ. ತಮ್ಮನಿಗೆ 18 ತುಂಬಿದ ಮೇಲೆ ಅಮ್ಮನನ್ನು ಕಾನೂನು ಪ್ರಕಾರ ಪೋಷಕಿ ಎಂದು ಮಾಡಬೇಕಾಯಿತು. ಅದನ್ನು ನೋಡುವುದು ಕಲೆಕ್ಟರ್ ಅಧ್ಯಕ್ಷತೆಯ ಸಮಿತಿ, ನ್ಯಾಷನಲ್ ಟ್ರಸ್ಟ್ ಕಾನೂನಿನ ಕೆಳಗೆ. ಅಲ್ಲಿ ಅಮ್ಮನ ಹೆಸರಿಗೂ ಅದೇ ರಾಮಾಯಣ ಮೊದಲಿನಿಂದ. ರೇಷನ್ ಕಾರ್ಡ್ ಸರಿ ಮಾಡಿಸಿದರೆ ಆಧಾರ್ ತಪ್ಪಾಗುತ್ತದೆ. ಆಧಾರ್ ಸರಿ ಮಾಡಿಸಿದರೆ ಯುಡಿಐಡಿ ಕಾರ್ಡ್ ಒಪ್ಪುವುದಿಲ್ಲ. ನಿನ್ನ ಹೆಸರು ನಿನ್ನ ಎಲ್ಲಾ ಕಾರ್ಡುಗಳಲ್ಲೂ ಒಂದೇ ರೀತಿ ಇದೆಯಾ ಅಂತ ಯಾವತ್ತಾದರೂ ನೋಡಿದ್ದೀಯಾ? ನೋಡುವ ಅಗತ್ಯವೇ ಬಿದ್ದಿರಲಿಕ್ಕಿಲ್ಲ.

"ಕನ್ನಡದಲ್ಲೇ ಅರ್ಜಿ ಬರೆದುಕೊಡಿ, ಹಕ್ಕಲ್ವಾ" ಎಂದೂ ಬರೆದಿದ್ದೀಯ. ಹಕ್ಕೇ. ಕೇರಳದ 1969ರ ಅಧಿಕೃತ ಭಾಷಾ ಕಾನೂನಿನಲ್ಲಿ ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರು ತಮ್ಮ ಭಾಷೆಯಲ್ಲೇ ಸರ್ಕಾರದ ಜತೆ ಪತ್ರ ವ್ಯವಹಾರ ಮಾಡಬಹುದು ಎಂದಿದೆ, ಉತ್ತರವೂ ಆ ಭಾಷೆಯಲ್ಲೇ ಬರಬೇಕು ಎಂದಿದೆ. ನಾನು ಕೊಟ್ಟಿದ್ದೇನೆ. ಮೇಜಿನ ಆಚೆ ಇದ್ದವನು ಕೊಲ್ಲಂ ಕಡೆಯ ಹುಡುಗ, ಹೊಸ ಕೆಲಸ. ಇಲ್ಲಿಗೆ ಪೋಸ್ಟಿಂಗ್ ಅಂದರೆ ತೆಂಕಣದವರಿಗೆ ಶಿಕ್ಷೆ ಇದ್ದ ಹಾಗೆ. ಆ ಅರ್ಜಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. "ಚೇಟ್ಟಾ, ಇದರಲ್ಲಿ ಏನಿದೆ ಅಂತ ನೀವೇ ಹೇಳಿ, ನಾನು ಬರೆದುಕೊಳ್ಳುತ್ತೇನೆ" ಎಂದ. ಹೇಳಿದೆ. ಬರೆದುಕೊಂಡ. ಕೆಲಸ ಆಯಿತು. ಈಗ ನನ್ನ ಹಕ್ಕು ಉಳಿಯಿತಾ ಹೋಯಿತಾ, ನೀನೇ ಹೇಳು. ಅವನ ಮೇಲೆ ಕೂಗಾಡಬಹುದಿತ್ತು. ಕೂಗಾಡಿದರೆ ಪತ್ರಿಕೆಯಲ್ಲಿ ಎರಡು ಸಾಲು ಬರುತ್ತಿತ್ತು, ತಮ್ಮನ ಫೈಲು ಅಲ್ಲೇ ಧೂಳು ತಿನ್ನುತ್ತಿತ್ತು. ಕನ್ನಡ ಬಲ್ಲ ಒಬ್ಬ ಗುಮಾಸ್ತನನ್ನು ಹಾಕುವುದು ಸರ್ಕಾರದ ಕೆಲಸ, ಆ ಹುಡುಗನದ್ದಲ್ಲ. ಅವನಿಗೆ ಸ್ವಲ್ಪ ಕನ್ನಡ ಅರ್ಥ ಆಗಲು ಶುರುವಾಗುವಷ್ಟರಲ್ಲಿ ವರ್ಗಾವಣೆ ಸಿಕ್ಕಿ ಹೋದ. ಇದೂ ಯಾವಾಗಲೂ ಆಗುವಂಥದ್ದೇ.

ಹಾಗಾದರೆ ಸಹಾಯ ಯಾರು ಮಾಡುತ್ತಾರೆ ಅಂದರೆ, ಊರಿನವರೇ. ಅಂಗನವಾಡಿ ಟೀಚರ್, ಆಶಾ ಕಾರ್ಯಕರ್ತೆ, ವಾರ್ಡ್ ಮೆಂಬರ್. ಎಲ್ಲಕ್ಕಿಂತ ಹೆಚ್ಚು ಅಕ್ಷಯ ಕೇಂದ್ರದ, ಅಂದರೆ ಸರ್ಕಾರಿ ಆನ್‌ಲೈನ್ ಕೆಲಸ ಮಾಡಿಕೊಡುವ ಕೇಂದ್ರದ ಹುಡುಗಿ. ಪಿಂಚಣಿ ಪಡೆಯುವವರು ಬದುಕಿದ್ದಾರೆ ಎಂದು ವರ್ಷಕ್ಕೊಮ್ಮೆ ಬೆರಳು ಒತ್ತಿ ತೋರಿಸಬೇಕು. ಮಸ್ಟರಿಂಗ್ ಎನ್ನುತ್ತೇವೆ. ಕೇಂದ್ರಕ್ಕೆ ಹೋದರೆ 30 ರೂಪಾಯಿ, ಮನೆಗೆ ಬಂದರೆ 50. ತಮ್ಮನಿಗೆ ಸೆರೆಬ್ರಲ್ ಪಾಲ್ಸಿ. ಕೈ ಯಾವಾಗಲೂ ಮುಷ್ಟಿ ಬಿಗಿದಿರುತ್ತದೆ. ಎಳೆದರೆ ಇನ್ನೂ ಬಿಗಿಯಾಗುತ್ತದೆ. ಆ ಹುಡುಗಿಗೆ ಇದು ಗೊತ್ತು. ಯಂತ್ರವನ್ನು ಬದಿಗಿಟ್ಟು ಚಾಪೆಯ ಮೇಲೆ ಅವನ ಪಕ್ಕ ಕೂರುತ್ತಾಳೆ. ತುಳುವಿನಲ್ಲಿ ಏನೋ ಪಟ್ಟಾಂಗ ಹೊಡೆಯುತ್ತಾ ಅವನ ಮಣಿಕಟ್ಟನ್ನು ನಿಧಾನಕ್ಕೆ ಕೆಳಗೆ ಬಾಗಿಸುತ್ತಾಳೆ, ಆಗ ಬೆರಳು ತಾನಾಗಿ ಸಡಿಲವಾಗುತ್ತದೆ. ಹೆಬ್ಬೆರಳನ್ನು ಒರೆಸಿ ಗಾಜಿನ ಮೇಲಿಡುತ್ತಾಳೆ. ಯಂತ್ರ ಕೆಂಪು ದೀಪ ತೋರಿಸುತ್ತದೆ. ತೋರುಬೆರಳು, ಮತ್ತೆ ಕೆಂಪು. ಕೊನೆಗೆ ಕಣ್ಣು. ಅವನು ಕ್ಯಾಮೆರಾ ನೋಡುವುದು ಬಿಟ್ಟು ಅವಳನ್ನೇ ನೋಡುತ್ತಾನೆ. ಅವಳು ತಲೆಯನ್ನು ಕ್ಯಾಮೆರಾದ ಹಿಂದಕ್ಕೆ ತಂದು ಹುಬ್ಬು ಹಾರಿಸಿದರೆ ಸರಿಯಾಗಿ ಸಿಗುತ್ತದೆ. ಇದೂ ಆಗದಿದ್ದರೆ ಗೆಜೆಟೆಡ್ ಅಧಿಕಾರಿಯಿಂದ ಜೀವಂತ ಇದ್ದಾನೆ ಎಂಬ ಪತ್ರ ತರಬೇಕು.

ಅವಳು ಅಮ್ಮನ ಹತ್ತಿರ ತುಳು, ನನ್ನ ಹತ್ತಿರ ಕನ್ನಡ, ಫೋನಿನಲ್ಲಿ ಮೇಲಿನವರ ಹತ್ತಿರ ಮಲಯಾಳಂ, ಸ್ಕ್ರೀನಿನಲ್ಲಿ ಇಂಗ್ಲಿಷ್. ಪಕ್ಕದ ಬ್ಯಾರಿ ಮನೆಗೆ ಹೋದರೆ ಅಲ್ಲಿ ಬ್ಯಾರಿ. ನಮ್ಮ ಜಿಲ್ಲೆಯನ್ನು ಸಪ್ತಭಾಷಾ ಸಂಗಮ ಭೂಮಿ ಎಂದು ವೇದಿಕೆಯಲ್ಲಿ ಹೊಗಳುವವರು ಒಮ್ಮೆ ಮಸ್ಟರಿಂಗ್ ದಿನ ಇವಳ ಹಿಂದೆ ಸುತ್ತಬೇಕು. ನೀನು ಪಾಪ ಎನ್ನುವ ಈ ಊರಿನಲ್ಲಿ ಇದಕ್ಕೆ ಯಾರೂ ಬೆನ್ನು ತಟ್ಟುವುದಿಲ್ಲ, ಎಲ್ಲರೂ ಹಾಗೇ ಇರುವುದು. ನಾನು ಕನ್ನಡ ಮಾಧ್ಯಮದವನು. ಮಲಯಾಳಂ ಅಕ್ಷರ ಕಲಿತದ್ದು ಬಸ್ಸಿನ ಬೋರ್ಡ್ ಓದಿ ಓದಿ. ಈಗ ಅರ್ಧ ಊರಿನ ಫಾರಂ ತುಂಬಿಸಿಕೊಡುತ್ತೇನೆ. ಭಾನುವಾರ ಜಗಲಿಯಲ್ಲಿ ಜನ ಕೂತಿರುತ್ತಾರೆ, ಪ್ಲಾಸ್ಟಿಕ್ ಕವರಿನಲ್ಲಿ ಕಾಗದ ಹಿಡಿದುಕೊಂಡು.

ಅವರಲ್ಲಿ ಕೆಲವರದ್ದು ಎಂಡೋಸಲ್ಫಾನ್ ಪಟ್ಟಿಯ ಗೋಳು, ಗೇರು ತೋಟಗಳಿಗೆ ಹೊಡೆದ ಆ ಕೀಟನಾಶಕದ ಸಂತ್ರಸ್ತರ ಪಟ್ಟಿ. ನಿನಗೆ ನಮ್ಮ ಜಿಲ್ಲೆಯ ಬಗ್ಗೆ ಗೊತ್ತಿರುವುದು ಅದೊಂದೇ ಅಂತ ಕಾಣುತ್ತದೆ. ನೀನೂ ಕೇಳಿದೆಯಲ್ಲ, ತಮ್ಮನಿಗೂ ಅದರಿಂದಲೇ ಹೀಗಾದದ್ದಾ ಅಂತ. ಅಲ್ಲ. ನಮ್ಮ ಮನೆ ಗೇರು ತೋಟಗಳಿಂದ ದೂರ. ಅವನು ಹುಟ್ಟುವಾಗಲೇ ಹೀಗಾದದ್ದು, ಅವನ ಹೆಸರು ಆ ಪಟ್ಟಿಯಲ್ಲಿಲ್ಲ. ಆದರೆ ಎಣ್ಮಕಜೆ, ಪಡ್ರೆ ಕಡೆಯವರದ್ದು ನಮಗಿಂತ ಕಷ್ಟದ ಕತೆ. ತಲಾ 5 ಲಕ್ಷವನ್ನು ಮೂರು ತಿಂಗಳೊಳಗೆ ಕೊಡಿ ಎಂದು ಸುಪ್ರೀಂ ಕೋರ್ಟ್ 2017ರ ಜನವರಿಯಲ್ಲಿ ಹೇಳಿತ್ತು. 2022ರಲ್ಲಿ ಅದೇ ಕೋರ್ಟ್ ಸರ್ಕಾರವನ್ನು ಮತ್ತೆ ತರಾಟೆಗೆ ತೆಗೆದುಕೊಳ್ಳಬೇಕಾಯಿತು. ವಿಷ ಗಡಿ ನೋಡಲಿಲ್ಲ, ನಿಮ್ಮ ಕೊಕ್ಕಡ, ಪಟ್ರಮೆಯಲ್ಲೂ ಅದೇ ಔಷಧಿ ಹೊಡೆದದ್ದು. ಪಟ್ಟಿ ಮಾತ್ರ ಎರಡು ರಾಜ್ಯದ್ದು ಬೇರೆ ಬೇರೆ.

ಊರು ಬಿಟ್ಟು ಮಂಗಳೂರಿಗೆ ಬನ್ನಿ ಎಂಬ ನಿನ್ನ ಸಲಹೆಯನ್ನು ಅಮ್ಮನಿಗೆ ಹೇಳಿಲ್ಲ. ಹೇಳಿದರೆ ನೀನು ಮುಂದಿನ ಸಲ ಬಂದಾಗ ನೀರುದೋಸೆ ಸಿಗುವುದಿಲ್ಲ. ಗೋವಿಂದ ಪೈಗಳು ಮಂಜೇಶ್ವರದಲ್ಲೇ ಕೂತು ಬರೆದರು. ರಾಷ್ಟ್ರಕವಿ ಎಂದು 1949ರಲ್ಲಿ ಕರೆದದ್ದು ಮದ್ರಾಸ್ ಸರ್ಕಾರ. ನಮ್ಮ ಕನ್ನಡಕ್ಕೆ ಯಾವ ಸರ್ಕಾರದ ವಿಳಾಸವೂ ಬೇಕಾಗಿರಲಿಲ್ಲ, ಪಿಂಚಣಿಗೆ ಬೇಕು ಅಷ್ಟೇ.

ನಿಜವಾಗಿಯೂ ಏನಾದರೂ ಮಾಡಬೇಕು ಅಂತಿದ್ದರೆ ಒಂದು ಕೆಲಸ ಉಂಟು. ಮುಂದಿನ ತಿಂಗಳು ಮಂಗಳೂರಿಗೆ ಬರುತ್ತೇನೆ ಎಂದು ನೀನು ಹೇಳಿದ್ದೆಯಲ್ಲ. ತಮ್ಮನ ಹಳೆಯ ಫೈಲಿನ ದೃಢೀಕರಿಸಿದ ನಕಲು ಬೇಕು, ಆಸ್ಪತ್ರೆಯ ರೆಕಾರ್ಡ್ ವಿಭಾಗ ಮಧ್ಯಾಹ್ನ ಮುಚ್ಚುತ್ತದೆ, ನನಗೆ ಕೆಲಸ ಬಿಟ್ಟು ಹೋಗಲು ಆಗುತ್ತಿಲ್ಲ. ಅಮ್ಮನ ಸಹಿ ಇರುವ ಪತ್ರ ಕಳಿಸುತ್ತೇನೆ. ಸೀಲು ಹಾಕುವ ಮೊದಲು ಹೆಸರು ಓದಿ ನೋಡು. ಆಧಾರ್‌ನಲ್ಲಿ ಇರುವ ಹಾಗೇ ಇರಬೇಕು, ಆ ಜಾಸ್ತಿ 'ಎ' ಸಮೇತ. ಅವರು ಅದು ತಪ್ಪು ಸ್ಪೆಲ್ಲಿಂಗ್ ಎಂದು ಸರಿ ಮಾಡಲು ಹೊರಟರೆ, ದಯವಿಟ್ಟು ಬಿಡಬೇಡ.